ದುರಸ್ತಿಯ ಹೊಣೆ: ಇಂಗ್ಲಿಷಿನ ರಸ್ತೆ-ಪದಗಳ ಒಂದು ಚಾರಿತ್ರಿಕ ಸಮೀಕ್ಷೆ

೧

ಚರಿತ್ರೆಯ ಆಧಾರಗಳನ್ನು ಅರಸುವವರು ಸಾಮಾನ್ಯವಾಗಿ ಶಾಸನ, ನಾಣ್ಯ, ಕಡತ, ಪ್ರವಾಸಕಥನಗಳ ಕಡೆಗೆ ಮೊದಲು ದೃಷ್ಟಿ ಹಾಯಿಸುತ್ತಾರೆ. ಜನರ ನಾಲಗೆಯ ಮೇಲೆ ದಿನವೂ ಓಡಾಡುವ ಮಾತುಗಳೂ ಒಂದು ಬಗೆಯ ಶಾಸನಗಳೇ ಎಂಬುದು ಬೇಗ ಹೊಳೆಯುವುದಿಲ್ಲ. ಅದರಲ್ಲಿಯೂ ಕಸುಬಿನ ಮಾತುಗಳು, ಕವಿಗಳ ಕೈಗೆ ಹೆಚ್ಚಾಗಿ ಸಿಕ್ಕದೆ ಉಳಿದುದರಿಂದ, ತಮ್ಮ ಹಳೆಯ ಅರ್ಥದ ಚೂರುಗಳನ್ನು ಹಾಗೆಯೇ ಉಳಿಸಿಕೊಂಡಿರುತ್ತವೆ. ಪ್ರಕೃತ ಲೇಖನದಲ್ಲಿ ಇಂಗ್ಲಿಷ್ ಭಾಷೆಯಲ್ಲಿ ರಸ್ತೆಯ ನಿರ್ಮಾಣಕ್ಕೂ ದುರಸ್ತಿಗೂ ಸಂಬಂಧಿಸಿದ ಕೆಲವು ಪದಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಸಣ್ಣ ಕಾರಣವುಂಟು. 'ಮೆಟಲ್ಡ್ ರೋಡ್' ಎಂಬ ಮಾತನ್ನು 'ಲೋಹದ ರಸ್ತೆ' ಎಂದು ಅನುವಾದಿಸಿದ ಉತ್ತರಪತ್ರಿಕೆಗಳನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ವಿದ್ಯಾರ್ಥಿಯನ್ನು ನೋಡಿ ನಗುವುದು ಸುಲಭ. ಆದರೆ ಜಲ್ಲಿಕಲ್ಲಿಗೆ ಲೋಹದ ಹೆಸರು ಏಕೆ ಬಂತೆಂದು ಕೇಳಿದರೆ ಅಧ್ಯಾಪಕರಾದ ನಾವೂ ತಡವರಿಸುತ್ತೇವೆ. ಗ್ರೀಕಿನ 'ಮೆಟಲ್ಲೋನ್', ಅದರಿಂದ ಹೊರಟ ಲ್ಯಾಟಿನ್ನಿನ 'ಮೆಟಲ್ಲುಂ' ಎಂಬ ಪದಗಳಿಗೆ ಗಣಿ, ಕಲ್ಲಿನ ಕ್ವಾರಿ ಎಂಬುದೇ ಮೂಲಾರ್ಥ. ಗಣಿಯಿಂದ ತೆಗೆದದ್ದೆಲ್ಲವೂ ಮೆಟಲ್. ಕಬ್ಬಿಣವೂ ಮೆಟಲ್, ಒಡೆದ ಕಲ್ಲೂ ಮೆಟಲ್. ಸಾಮಾನ್ಯ ಭಾಷೆಯಲ್ಲಿ ಪದದ ಅರ್ಥ ಲೋಹಕ್ಕೆ ಸಂಕುಚಿತವಾಯಿತು. ರಸ್ತೆಯವರ ಭಾಷೆಯಲ್ಲಿ ಮಾತ್ರ ಕಲ್ಲು ತನ್ನ ಪಾಲನ್ನು ಬಿಟ್ಟುಕೊಡಲಿಲ್ಲ.

ಹೀಗೆ ಒಂದೊಂದೇ ಪದವನ್ನು ಕೆದಕುತ್ತ ಹೋದಾಗ ನಮಗೆ ಕಂಡುಬಂದ ಸಂಗತಿ ಇದು: ಇಂಗ್ಲಿಷಿನ ರಸ್ತೆ-ಪದಗಳು ಕೇವಲ ಕಲ್ಲು, ಮಣ್ಣು, ಟಾರುಗಳ ಹೆಸರುಗಳಲ್ಲ. ರಸ್ತೆಯನ್ನು ಯಾರು ಸರಿಪಡಿಸಬೇಕು ಎಂಬ ಪ್ರಶ್ನೆಗೆ ಆ ದೇಶ ಕಾಲಕಾಲಕ್ಕೆ ಕೊಟ್ಟ ಉತ್ತರಗಳು ಅವುಗಳಲ್ಲಿ ಅಡಗಿವೆ. ಹೊಣೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿದಾಗಲೆಲ್ಲ ಹೊಸ ಪದಗಳು ಹುಟ್ಟಿವೆ, ಹಳೆಯ ಪದಗಳು ಅರ್ಥ ಬದಲಾಯಿಸಿವೆ.

೨

ಮೊದಲು ಅತ್ಯಂತ ಹಳೆಯ ಪದಗಳನ್ನು ನೋಡೋಣ. 'ವೇ' ಎಂಬುದು ಜರ್ಮಾನಿಕ್ ಭಾಷೆಗಳಿಗೆಲ್ಲ ಸಾಮಾನ್ಯವಾದ ಪದ; ಸಂಸ್ಕೃತದ 'ವಹ್' ಧಾತುವಿಗೆ ಅದು ಬಳಗ. ನಮ್ಮ 'ವಾಹನ'ವೂ ಅವರ 'ವೇ'ಯೂ ಒಂದೇ ಬೇರಿನಿಂದ ಚಿಗುರಿದವು. 'ಸ್ಟ್ರೀಟ್' ಎಂಬುದಾದರೋ ಲ್ಯಾಟಿನ್ನಿನ 'ವಿಯಾ ಸ್ಟ್ರಾಟಾ', ಎಂದರೆ ಹಾಸುಗಲ್ಲಿನ ದಾರಿ, ಎಂಬುದರಿಂದ ಬಂದದ್ದು. ಜರ್ಮನ್, ಡಚ್ ಭಾಷೆಗಳಲ್ಲಿಯೂ ಈ ಪದ ಇರುವುದರಿಂದ, ಆಂಗ್ಲೋ-ಸ್ಯಾಕ್ಸನರು ಬ್ರಿಟನ್ನಿಗೆ ಬರುವ ಮೊದಲೇ, ರೋಮನರ ನೆರೆಯಲ್ಲಿದ್ದಾಗ, ಇದನ್ನು ಕಲಿತಿದ್ದರೆಂದು ಊಹಿಸಲಾಗಿದೆ. ಕ್ರಿ. ಶ. ೪೩ರಿಂದ ಸುಮಾರು ೪೧೦ರವರೆಗೆ ರೋಮನರು ಬ್ರಿಟನ್ನನ್ನು ಆಳಿದರು. ಅವರು ಬಿಟ್ಟುಹೋದ ರಾಜಮಾರ್ಗಗಳನ್ನು ಹೊಸದಾಗಿ ಬಂದ ಜನ 'ವಾಟ್ಲಿಂಗ್ ಸ್ಟ್ರೀಟ್', 'ಅರ್ಮಿನ್ ಸ್ಟ್ರೀಟ್' ಎಂದು ಕರೆದರು. ಸ್ಟ್ರ್ಯಾಟ್‌ಫರ್ಡ್, ಸ್ಟ್ರೆಟನ್ ಮುಂತಾದ ಊರುಗಳ ಹೆಸರಿನಲ್ಲಿರುವುದೂ ಈ 'ಸ್ಟ್ರೀಟ್' ಪದವೇ. ತಾವು ಕಟ್ಟದ, ಕಟ್ಟಲೂ ತಿಳಿಯದ ವಸ್ತುವಿಗೆ ಆ ಜನ ಪರಭಾಷೆಯ ಪದವನ್ನೇ ಉಳಿಸಿಕೊಂಡರು.

ಇಂದು ಸರ್ವಸಾಮಾನ್ಯವಾಗಿರುವ 'ರೋಡ್' ಎಂಬ ಪದ ಈ ಅರ್ಥದಲ್ಲಿ ಹೊಸದು ಎಂದರೆ ಆಶ್ಚರ್ಯವಾದೀತು. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಕುದುರೆ ಸವಾರಿ ಎಂದರ್ಥ. ಸವಾರರ ದಾಳಿ ಎಂದೂ ಅರ್ಥ. ಸ್ಕಾಟ್ಲೆಂಡಿನ ಉಚ್ಚಾರಣೆಯಲ್ಲಿ ಇದೇ ಪದ 'ರೇಡ್' ಆಯಿತು. 'ಇನ್‌ರೋಡ್' ಎಂಬ ಮಾತಿನಲ್ಲಿ ದಾಳಿಯ ಅರ್ಥ ಇನ್ನೂ ಉಳಿದಿದೆ. ದಾರಿ ಎಂಬ ಅರ್ಥ ಇದಕ್ಕೆ ಬಂದದ್ದು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ದಾರಿಯೆಂದರೆ ಒಂದು ವಸ್ತುವಲ್ಲ, ಒಂದು ಕ್ರಿಯೆ; ಜನ ಸಾಗಿಹೋಗುವುದೇ ದಾರಿ.

'ಹೈವೇ' ಎಂಬ ಪದದಲ್ಲಿ ಈ ಭಾವನೆ ಕಾನೂನಿನ ರೂಪವನ್ನು ತಾಳಿದೆ. ನಾವು ಹೈವೇಯನ್ನು 'ಹೆದ್ದಾರಿ' ಎಂದು ಕನ್ನಡಿಸಿದ್ದೇವೆ. ಅನುವಾದ ಸೊಗಸಾಗಿದೆ, ಆದರೆ ಕೇಳಿದವರ ಮನಸ್ಸಿಗೆ ಅಗಲವಾದ, ವಾಹನಗಳಿಂದ ತುಂಬಿದ ರಸ್ತೆಯ ಚಿತ್ರ ಬರುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಹೈವೇ ಎಂದರೆ ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವುದೇ ದಾರಿ. ಹೊಲದ ನಡುವಿನ ಕಾಲುದಾರಿಯೂ ಹೈವೇಯೇ. ಅದರ ಕೆಳಗಿನ ನೆಲ ಪಕ್ಕದ ಹೊಲದ ಒಡೆಯನದಾಗಿರಬಹುದು. ಮೇಲೆ ನಡೆಯುವ ಹಕ್ಕು ಮಾತ್ರ ಎಲ್ಲರದು. ಒಮ್ಮೆ ಹೈವೇ ಆದದ್ದು ಎಂದಿಗೂ ಹೈವೇಯೇ ಎಂಬ ನ್ಯಾಯಸೂತ್ರ ಈ ಅರ್ಥದಿಂದಲೇ ಹೊರಟದ್ದು.

ಹೈವೇ ಒಂದು ಹಕ್ಕಾದುದರಿಂದ ಅದಕ್ಕೆ ಗಟ್ಟಿಯಾದ ಮೈ ಇರಬೇಕೆಂಬ ನಿಯಮವಿರಲಿಲ್ಲ. ದಾರಿ ಕೆಸರಾಗಿ ನಡೆಯಲು ಬಾರದಂತಾದರೆ ಪ್ರಯಾಣಿಕರು ಪಕ್ಕದ ಹೊಲಕ್ಕೆ ಇಳಿದು ಹೋಗಬಹುದೆಂದು ಹಳೆಯ ಕಾನೂನು ಒಪ್ಪಿತ್ತು. ಅಂಥ ಕೆಟ್ಟ ದಾರಿಗೆ 'ಫೌಂಡರಸ್' ಎಂಬ ವಿಶೇಷಣವನ್ನು ನ್ಯಾಯಾಲಯಗಳು ಬಳಸುತ್ತಿದ್ದವು. ಕುದುರೆ ಮುಗ್ಗರಿಸಿ ಹೂತುಹೋಗುವಂಥದು ಎಂದರ್ಥ. ವೃತ್ತಪತ್ರಿಕೆಯ ಭಾಷೆಯಿಂದ ಈ ಪದ ಎಂದೋ ಮಾಯವಾಗಿದೆ. ಆದರೆ ದುರಸ್ತಿಯ ಪ್ರಶ್ನೆ ಮೊದಲು ತಲೆಯೆತ್ತಿದ್ದು ಇಲ್ಲಿಯೇ. ಹಕ್ಕು ಎಲ್ಲರದು, ಹಾಗಾದರೆ ಕೆಸರು ಯಾರದು?

೩

ಮೊದಲನೆಯ ಎಡ್ವರ್ಡನ ಕಾಲದ ೧೨೮೫ರ ವಿಂಚೆಸ್ಟರ್ ಶಾಸನ ರಸ್ತೆಯ ವಿಷಯವನ್ನು ಎತ್ತುತ್ತದೆ. ಸಂತೆಯ ಊರುಗಳ ನಡುವಿನ ಹೈವೇಗಳ ಎರಡೂ ಬದಿಗೆ ಇನ್ನೂರು ಅಡಿಗಳವರೆಗೆ ಪೊದೆಗಳನ್ನೂ ಹಳ್ಳಗಳನ್ನೂ ತೆಗೆದುಹಾಕಬೇಕೆಂದು ಅದು ವಿಧಿಸಿತು. ಆದರೆ ಅದರ ಗುರಿ ರಸ್ತೆಯ ಮೈಯಲ್ಲ. ಪೊದೆಯಲ್ಲಿ ಅಡಗುವ ಕಳ್ಳರು. ದಾರಿಯ ರಕ್ಷಣೆಯೆಂದರೆ ದಾರಿಹೋಕರ ರಕ್ಷಣೆ ಎಂದು ಆಗ ಭಾವಿಸಿದ್ದರು.

ದುರಸ್ತಿಯ ಹೊಣೆಯನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಗೊತ್ತುಮಾಡಿದ್ದು ರಾಣಿ ಮೇರಿಯ ಆಳ್ವಿಕೆಯ ೧೫೫೫ರ ಹೈವೇ ಶಾಸನ. ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಗ್ರಾಮಘಟಕ, ತನ್ನೊಳಗೆ ಹಾದುಹೋಗುವ ಹೈವೇಯನ್ನು ತಾನೇ ಸರಿಪಡಿಸಬೇಕು. ವರ್ಷಕ್ಕೆ ನಾಲ್ಕು ದಿನ ಊರಿನವರೆಲ್ಲ ಕೂಲಿಯಿಲ್ಲದೆ ದುಡಿಯಬೇಕು. ಉಳ್ಳವರು ಗಾಡಿಯನ್ನೂ ಆಳುಗಳನ್ನೂ ಕಳುಹಿಸಬೇಕು. ಇಲ್ಲದವರು ತಾವೇ ಗುದ್ದಲಿ ಹಿಡಿದು ಬರಬೇಕು. ೧೫೬೩ರಲ್ಲಿ ನಾಲ್ಕು ದಿನ ಆರು ದಿನಗಳಾಯಿತು. ಇದಕ್ಕೆ 'ಸ್ಟ್ಯಾಚೂಟ್ ಲೇಬರ್' ಎಂದು ಹೆಸರು. ನಮ್ಮಲ್ಲಿ 'ಬಿಟ್ಟಿ' ಎಂದು ಕರೆಯುತ್ತಿದ್ದ ಪದ್ಧತಿಗೆ ಇದು ತೀರ ದೂರವಾದುದಲ್ಲ.

ಈ ಕೆಲಸದ ಮೇಲ್ವಿಚಾರಣೆಗೆ ಪ್ಯಾರಿಷ್ ಪ್ರತಿವರ್ಷ ತನ್ನವರಲ್ಲಿ ಇಬ್ಬರನ್ನು ಆರಿಸಬೇಕಾಗಿತ್ತು. ಅವರೇ 'ಸರ್ವೇಯರ್'ಗಳು. ಫ್ರೆಂಚ್ ಮೂಲದ ಈ ಪದಕ್ಕೆ ಮೇಲಿನಿಂದ ನೋಡುವವನು ಎಂಬಷ್ಟೇ ಅರ್ಥ. ಆತ ನೆರೆಹೊರೆಯ ಬೇಸಾಯಗಾರ. ಸಂಬಳವಿಲ್ಲ, ತರಬೇತಿಯಿಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ತನ್ನ ಬಂಧುಬಾಂಧವರನ್ನೇ ಕೆಲಸಕ್ಕೆ ಎಳೆತರಬೇಕಾದ ಆತನ ಪಾಡನ್ನು ಊಹಿಸಬಹುದು. ಇಂದು ಸರ್ವೇಯರ್ ಎಂದೊಡನೆ ಸರಪಳಿ, ದುರ್ಬೀನುಗಳನ್ನು ಹಿಡಿದ ತಜ್ಞನ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಹಳ್ಳಿಯ ಒಲ್ಲದ ಗೃಹಸ್ಥನಿಂದ ಈ ತಜ್ಞನವರೆಗೆ ಪದ ಸಾಗಿ ಬಂದ ದೂರ, ದುರಸ್ತಿಯ ಕೆಲಸ ಊರಿನ ಕೈಯಿಂದ ವೃತ್ತಿಯವರ ಕೈಗೆ ಹೋದ ದೂರವೇ ಆಗಿದೆ.

ಆ ಕಾಲದ ಕ್ರಿಯಾಪದವನ್ನೂ ಗಮನಿಸಬೇಕು. ರಸ್ತೆಯನ್ನು ಕಟ್ಟುವ ಮಾತು ಅಪರೂಪ. 'ಮೆಂಡ್', 'ಅಮೆಂಡ್', ಎಂದರೆ ಸರಿಪಡಿಸು, ತಿದ್ದು, ಎಂಬುದೇ ಬಳಕೆಯ ಮಾತು. ಬಟ್ಟೆಗೆ ತೇಪೆ ಹಾಕುವುದಕ್ಕೂ ಶಾಸನವನ್ನು ತಿದ್ದುವುದಕ್ಕೂ ಇದೇ ಪದ. ದಾರಿ ಎಂದಿನಿಂದಲೋ ಇದೆ; ಮನುಷ್ಯನ ಕೆಲಸ ಅದನ್ನು ತೇಪೆಹಾಕಿ ಉಳಿಸಿಕೊಳ್ಳುವುದು. ತೇಪೆ ಹಾಕದ ಪ್ಯಾರಿಷನ್ನು ನ್ಯಾಯಾಧೀಶರ ಮುಂದೆ ಅಪರಾಧಿಯಾಗಿ ನಿಲ್ಲಿಸಬಹುದಾಗಿತ್ತು. ಒಂದು ಊರೇ ಆರೋಪಿಯಾಗುತ್ತಿತ್ತು. ಈ ವ್ಯವಸ್ಥೆ ಎಷ್ಟೇ ಕುಂಟಿದರೂ ಸುಮಾರು ೨೮೦ ವರ್ಷ ನಡೆದು, ೧೮೩೫ರ ಹೈವೇ ಶಾಸನದಿಂದ ಬಿಟ್ಟಿಕೆಲಸ ಕೊನೆಗೊಂಡು, ಅದರ ಸ್ಥಳದಲ್ಲಿ ತೆರಿಗೆ ಬಂತು.

೪

ಪ್ಯಾರಿಷಿನವರ ವಾದದಲ್ಲಿ ನ್ಯಾಯವಿಲ್ಲದಿರಲಿಲ್ಲ. ಲಂಡನ್ನಿಗೆ ಹೋಗುವ ಭಾರದ ಗಾಡಿಗಳು ತಮ್ಮ ಹಳ್ಳಿಯ ದಾರಿಯನ್ನು ಅಗೆದುಹಾಕುತ್ತವೆ. ಗಾಡಿಯ ಲಾಭ ಬೇರೆಯವರಿಗೆ, ಕೆಸರಿನ ಕೆಲಸ ತಮಗೆ ಎಂಬುದು ಅವರ ದೂರು. ಇದಕ್ಕೆ ಉತ್ತರವಾಗಿ ಬಂದದ್ದು 'ಟರ್ನ್‌ಪೈಕ್'. 'ಪೈಕ್' ಎಂದರೆ ಈಟಿ. ಕುದುರೆ ಸವಾರರು ನುಗ್ಗದಂತೆ ದಾರಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದ ಮೊನೆಗಳುಳ್ಳ ತಡೆಗೆ ಮೊದಲು ಈ ಹೆಸರಿತ್ತು. ಯುದ್ಧದ ತಡೆ ಸುಂಕದ ತಡೆಯಾಯಿತು. ೧೬೬೩ರಲ್ಲಿ ಗ್ರೇಟ್ ನಾರ್ತ್ ರೋಡಿನ ಒಂದು ಭಾಗಕ್ಕೆ, ಹರ್ಟ್‌ಫರ್ಡ್, ಕೇಂಬ್ರಿಡ್ಜ್, ಹಂಟಿಂಗ್ಡನ್ ಪ್ರಾಂತಗಳಲ್ಲಿ, ಸುಂಕ ಎತ್ತಿ ಅದರಿಂದ ರಸ್ತೆ ಸರಿಪಡಿಸಲು ಪಾರ್ಲಿಮೆಂಟು ಮೊದಲ ಸಲ ಅನುಮತಿ ಕೊಟ್ಟಿತು. ಹದಿನೆಂಟನೆಯ ಶತಮಾನದ ಮೊದಲ ದಶಕದಿಂದ ಈ ಅಧಿಕಾರವನ್ನು ಸ್ಥಳೀಯ ಟ್ರಸ್ಟುಗಳಿಗೆ ಒಪ್ಪಿಸುವ ಪದ್ಧತಿ ಬೆಳೆಯಿತು. ೧೮೩೦ರ ದಶಕದ ವೇಳೆಗೆ ಇಂಥ ಟ್ರಸ್ಟುಗಳು ಸಾವಿರಕ್ಕೂ ಹೆಚ್ಚಾಗಿ, ಇಪ್ಪತ್ತು ಸಾವಿರ ಮೈಲಿಗೂ ಮೀರಿದ ರಸ್ತೆ ಅವುಗಳ ಕೈಯಲ್ಲಿತ್ತು.

ದಾರಿಯನ್ನು ಬಳಸುವವನೇ ದುರಸ್ತಿಗೆ ತೆರಬೇಕೆಂಬುದು ಈ ಪದದಲ್ಲಿ ಅಡಗಿದ ಸಿದ್ಧಾಂತ. ಕಾಲಕ್ರಮದಲ್ಲಿ ತಡೆಯ ಹೆಸರು ರಸ್ತೆಗೇ ಅಂಟಿತು. ಅಮೆರಿಕದಲ್ಲಿ 'ಪೈಕ್' ಎಂದರೆ ರಸ್ತೆಯೇ ಆಯಿತು. ಪ್ರಯಾಣಿಕನ ಕಣ್ಣಿಗೆ ರಸ್ತೆಗಿಂತ ತಡೆಯೇ ದೊಡ್ಡದಾಗಿ ಕಂಡಿತೆಂಬುದಕ್ಕೆ ಇದು ಸಾಕ್ಷಿ. ಹೈವೇ ಎಂಬ ಹಕ್ಕಿನ ಮೇಲೆ ಟರ್ನ್‌ಪೈಕ್ ಎಂಬ ಈಟಿ ಅಡ್ಡಬಿದ್ದುದನ್ನು ಜನ ಸುಲಭವಾಗಿ ಸಹಿಸಲಿಲ್ಲ. ವೇಲ್ಸಿನಲ್ಲಿ ೧೮೩೯ರಿಂದ ೧೮೪೩ರವರೆಗೆ ರೈತರು ಹೆಂಗಸರ ಉಡುಪು ತೊಟ್ಟು, ರಾತ್ರಿಯ ವೇಳೆ ಸುಂಕದ ಗೇಟುಗಳನ್ನು ಮುರಿದುಹಾಕಿದರು. ಚರಿತ್ರೆಯಲ್ಲಿ ಇದು 'ರೆಬೆಕಾ ದಂಗೆ' ಎಂದು ಪ್ರಸಿದ್ಧವಾಗಿದೆ. ಹೊಲಕ್ಕೆ ಸುಣ್ಣ ಸಾಗಿಸಲೂ ಗೇಟಿನಿಂದ ಗೇಟಿಗೆ ಹಣ ತೆರಬೇಕಾದ ಬಡ ರೈತನಿಗೆ ಅದು ದುರಸ್ತಿಯ ಹಣವೆಂದು ತೋರಲಿಲ್ಲ.

ರೈಲು ಬಂದ ಮೇಲೆ ಟ್ರಸ್ಟುಗಳ ಆದಾಯ ಕುಸಿಯಿತು. ಕೊನೆಯ ಟ್ರಸ್ಟು ೧೮೯೫ರಲ್ಲಿ ಮುಚ್ಚಿತು. ೧೮೮೮ರ ಸ್ಥಳೀಯ ಆಡಳಿತ ಶಾಸನದಿಂದ ಮುಖ್ಯ ರಸ್ತೆಗಳ ಹೊಣೆ ಕೌಂಟಿ ಕೌನ್ಸಿಲುಗಳಿಗೆ ಬಂದಿತ್ತು. ಗೇಟುಗಳು ಹೋದರೂ ಹೆಸರು ಉಳಿಯುವುದು ಭಾಷೆಯ ರೀತಿ. ಬೆಂಗಳೂರಿನ ಮಾಗಡಿ ರಸ್ತೆಯ 'ಟೋಲ್‌ಗೇಟ್', ಧಾರವಾಡದ 'ಟೋಲ್‌ನಾಕಾ' ಎಂಬ ಸ್ಥಳನಾಮಗಳಲ್ಲಿ ಅಂಥ ಸುಂಕದ ಕಟ್ಟೆಗಳ ನೆನಪು ನಮ್ಮ ನಾಡಿನಲ್ಲಿಯೂ ಉಳಿದಿದೆ.

೫

ಟರ್ನ್‌ಪೈಕ್ ಟ್ರಸ್ಟುಗಳ ಬಳಿ ಹಣವಿತ್ತು, ವಿದ್ಯೆಯಿರಲಿಲ್ಲ. ಆ ವಿದ್ಯೆಯನ್ನು ತಂದವರಲ್ಲಿ ಮೂವರು ಮುಖ್ಯರು. ಯಾರ್ಕ್‌ಷೈರಿನ ಜಾನ್ ಮೆಟ್‌ಕಾಫನು (೧೭೧೭–೧೮೧೦) ಆರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಕೋಲಿನಿಂದ ನೆಲ ತಡವಿ, ಮಣ್ಣಿನ ಗುಣವನ್ನು ಕೈಯಿಂದ ತಿಳಿದು, ೧೭೬೫ರಿಂದ ಮೊದಲುಗೊಂಡು ಸುಮಾರು ೧೮೦ ಮೈಲಿ ರಸ್ತೆ ಮಾಡಿಸಿದನು. ಜವುಗು ನೆಲದ ಮೇಲೆ ಕುರುಚಲು ಗಿಡಗಳ ಕಟ್ಟುಗಳನ್ನು ಹಾಸಿ ಅದರ ಮೇಲೆ ರಸ್ತೆ ನಿಲ್ಲಿಸುವ ಉಪಾಯ ಅವನದು. ಭಾಷೆಯಲ್ಲಿ ಅವನ ಹೆಸರು ಉಳಿಯಲಿಲ್ಲ.

ಥಾಮಸ್ ಟೆಲ್‌ಫರ್ಡನು (೧೭೫೭–೧೮೩೪) ಸ್ಕಾಟ್ಲೆಂಡಿನ ಕುರುಬನೊಬ್ಬನ ಮಗ. ಕಲ್ಲುಕುಟಿಕನಾಗಿ ಕೆಲಸ ಕಲಿತು, ೧೮೨೦ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷನಾದನು. ಲಂಡನ್ನಿನಿಂದ ಹಾಲಿಹೆಡ್ಡಿಗೆ ಹೋಗುವ ಮಾರ್ಗವೂ, ೧೮೨೬ರಲ್ಲಿ ತೆರೆದ ಮೆನಾಯ್ ತೂಗುಸೇತುವೆಯೂ ಅವನ ಕೀರ್ತಿಯ ಕಂಬಗಳು. ದೊಡ್ಡ ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ನಿಲ್ಲಿಸಿ ಜೋಡಿಸಿದ ತಳಪಾಯ, ಅದರ ಮೇಲೆ ಒಡೆದ ಕಲ್ಲು ಎಂಬುದು ಅವನ ಪದ್ಧತಿ. ರಸ್ತೆ ಗಟ್ಟಿಯಾಗುತ್ತಿತ್ತು, ಖರ್ಚೂ ಹಾಗೆಯೇ ಆಗುತ್ತಿತ್ತು.

ಜಾನ್ ಲೌಡನ್ ಮೆಕ್ಯಾಡಮನು (೧೭೫೬–೧೮೩೬) ಈ ತಳಪಾಯವೇ ಬೇಡವೆಂದನು. ಅವನ ಮತದಂತೆ ಭಾರ ಹೊರುವುದು ಕಲ್ಲಲ್ಲ, ನೆಲ. ನೆಲ ಒಣಗಿದ್ದರೆ ಯಾವ ಭಾರವನ್ನಾದರೂ ಹೊರುತ್ತದೆ; ನೀರು ಕುಡಿದರೆ ಯಾವುದನ್ನೂ ಹೊರದು. ಆದುದರಿಂದ ರಸ್ತೆ ಮಾಡುವವನ ಕೆಲಸವೆಂದರೆ ನೆಲವನ್ನು ಸುತ್ತಲಿಗಿಂತ ಎತ್ತರಿಸಿ, ನೀರು ಬಸಿದುಹೋಗುವಂತೆ ಮಾಡಿ, ಮೇಲೆ ಸುಮಾರು ಹತ್ತು ಅಂಗುಲ ಒಡೆದ ಕಲ್ಲಿನ ಹೊದಿಕೆ ಹಾಕುವುದು. ಯಾವ ಕಲ್ಲೂ ಆರು ಔನ್ಸಿಗಿಂತ ಹೆಚ್ಚು ತೂಗಬಾರದು. ಮಣ್ಣು, ಸುಣ್ಣ ಯಾವುದನ್ನೂ ಬೆರೆಸಬಾರದು. ಮೂಲೆಗಳುಳ್ಳ ಕಲ್ಲುಗಳು ಗಾಡಿಯ ಕಬ್ಬಿಣದ ಪಟ್ಟಿಯ ಒತ್ತಡದಿಂದ ತಾವಾಗಿಯೇ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ೧೮೧೬ರಲ್ಲಿ ಬ್ರಿಸ್ಟಲ್ ಟ್ರಸ್ಟಿನ ಸರ್ವೇಯರನಾಗಿ ನೇಮಕಗೊಂಡು ಅವನು ಇದನ್ನು ಆಚರಣೆಗೆ ತಂದನು. ಮುಂದಿನ ದಶಕದೊಳಗೆ 'ಮೆಕ್ಯಾಡಂ' ಎಂಬುದು ನಾಮಪದವಾಗಿ, 'ಮೆಕ್ಯಾಡಮೈಸ್' ಎಂಬುದು ಕ್ರಿಯಾಪದವಾಗಿ ಇಂಗ್ಲಿಷಿನಲ್ಲಿ ಬೇರುಬಿಟ್ಟವು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಮೆಕ್ಯಾಡಮನನ್ನು ಹೊಸ ರಸ್ತೆಗಳ ನಿರ್ಮಾಪಕನೆಂದು ಪಠ್ಯಪುಸ್ತಕಗಳು ವರ್ಣಿಸುತ್ತವೆ. ಆದರೆ ೧೮೧೯ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಹೆಸರೇ ಸಾರ್ವಜನಿಕ ರಸ್ತೆಗಳ ವೈಜ್ಞಾನಿಕ ದುರಸ್ತಿ ಮತ್ತು ಸಂರಕ್ಷಣೆಯನ್ನು ಕುರಿತದ್ದು. ಇದ್ದ ರಸ್ತೆಯನ್ನು ಅಗೆದು, ಅದರಲ್ಲಿಯೇ ಇದ್ದ ದೊಡ್ಡ ಕಲ್ಲುಗಳನ್ನು ಹೊರತೆಗೆದು ಒಡೆದು, ಮತ್ತೆ ಹಾಸುವುದು ಅವನ ಕೆಲಸದ ಬಹುಭಾಗ. ತರಬೇತಿಯೂ ಸಂಬಳವೂ ಉಳ್ಳ ಸರ್ವೇಯರುಗಳನ್ನು ನೇಮಿಸಬೇಕೆಂಬುದಕ್ಕಾಗಿ ಅವನು ಕಲ್ಲಿಗಾಗಿ ಹೋರಾಡಿದಷ್ಟೇ ಹೋರಾಡಿದನು. ಎಂದರೆ ಅವನದು ದುರಸ್ತಿಯ ಸಿದ್ಧಾಂತ, ಆಡಳಿತದ ಸುಧಾರಣೆ. ಭಾಷೆ ಮಾತ್ರ ಅವನ ಹೆಸರನ್ನು ಒಂದು ಬಗೆಯ ಕಲ್ಲುಹಾಸಿಗೆ ಅಂಟಿಸಿ ಸುಮ್ಮನಾಯಿತು.

ಈ ಕಾಲದಲ್ಲಿ ಬಳಕೆ ಗಟ್ಟಿಯಾದ ಇತರ ಪದಗಳನ್ನು ಸಂಕ್ಷೇಪವಾಗಿ ನೋಡಬಹುದು. ನೀರು ಇಳಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸುವ 'ಕ್ಯಾಂಬರ್', ಬಾಗಿದ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದಿದೆ. ಅಂಚಿನ ಕಲ್ಲಾದ 'ಕರ್ಬ್' ಕೂಡ ಬಗ್ಗಿಸು ಎಂಬ ಅರ್ಥದ ಫ್ರೆಂಚ್ ಪದದ ಸಂತಾನ. 'ಪೇವ್' ಎಂಬುದು ಬಡಿದು ಗಟ್ಟಿಮಾಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. 'ಪೇವ್‌ಮೆಂಟ್' ಎಂದರೆ ಇಂಗ್ಲೆಂಡಿನವರಿಗೆ ಕಾಲುಹಾದಿ, ಅಮೆರಿಕದವರಿಗೆ ವಾಹನಗಳು ಓಡುವ ಮೈ, ಎಂಜಿನಿಯರಿಗೆ ರಸ್ತೆಯ ಎಲ್ಲ ಪದರಗಳ ಸಮೂಹ. ಇಂಗ್ಲೆಂಡಿನ ಕಾದಂಬರಿಯಲ್ಲಿ ಪಾತ್ರವೊಂದು ಪೇವ್‌ಮೆಂಟಿನ ಮೇಲೆ ನಡೆದರೆ ನಾವು ಅದನ್ನು 'ಫುಟ್‌ಪಾತ್' ಎಂದೇ ತಿಳಿಯಬೇಕು. ರಸ್ತೆಯ ಕೆಳಗಿನ ಸಣ್ಣ ಮೋರಿಯಾದ 'ಕಲ್ವರ್ಟ್' ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ಅದರ ಮೂಲವನ್ನು ನಿಘಂಟುಕಾರರು ಇನ್ನೂ ನಿರ್ಧರಿಸಿಲ್ಲ. ಪುಸ್ತಕದಿಂದ ಬಾರದೆ ಕೆಲಸಗಾರರ ಬಾಯಿಂದ ಬಂದ ಪದವಾಗಿರಬೇಕೆಂದು ನಮಗೆ ತೋರುತ್ತದೆ.

೬

ಮೆಕ್ಯಾಡಮನ ರಸ್ತೆ ಗಾಡಿಯ ಕಾಲದ ರಸ್ತೆ. ೧೮೬೦ರ ದಶಕದಲ್ಲಿ ಥಾಮಸ್ ಏವ್ಲಿಂಗನ ಉಗಿಯ ರೋಲರು ಬಂದು ಕಲ್ಲನ್ನು ಬೇಗ ಬಿಗಿಗೊಳಿಸಿತು. ಆದರೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೋಟಾರು ಬಂದಾಗ ಆ ಮೈ ತಾಳಲಿಲ್ಲ. ಕಬ್ಬಿಣದ ಪಟ್ಟಿ ಕಲ್ಲಿನ ಪುಡಿಯನ್ನು ಸಂದುಗಳಿಗೆ ಒತ್ತುತ್ತಿತ್ತು. ಗಾಳಿ ತುಂಬಿದ ರಬ್ಬರ್ ಟೈರು ವೇಗದಲ್ಲಿ ಓಡಿ ಅದೇ ಪುಡಿಯನ್ನು ಹೀರಿ ಹೊರಚೆಲ್ಲಿತು. ಧೂಳು ಎದ್ದಿತು, ಕಲ್ಲು ಸಡಿಲವಾಯಿತು.

ಪರಿಹಾರ ದೊರೆತದ್ದು ಟಾರಿನಿಂದ. ನಾಟಿಂಗ್‌ಹ್ಯಾಂ ಪ್ರಾಂತದ ಸರ್ವೇಯರನಾಗಿದ್ದ ಎಡ್ಗರ್ ಪರ್ನೆಲ್ ಹೂಲಿಯು ೧೯೦೧ರಲ್ಲಿ ಕಬ್ಬಿಣದ ಕಾರ್ಖಾನೆಯೊಂದರ ಬಳಿ ಹೋಗುತ್ತಿದ್ದಾಗ, ಚೆಲ್ಲಿದ ಟಾರಿನ ಮೇಲೆ ಕುಲುಮೆಯ ಕಿಟ್ಟವನ್ನು ಸುರಿದಿದ್ದ ಜಾಗ ಧೂಳಿಲ್ಲದೆ ಗಟ್ಟಿಯಾಗಿದ್ದುದನ್ನು ಕಂಡನೆಂದು ಹೇಳುತ್ತಾರೆ. ೧೯೦೨ರಲ್ಲಿ ಅವನು ಪಡೆದ ಪೇಟೆಂಟಿನಿಂದ 'ಟಾರ್‌ಮ್ಯಾಕ್' ಹುಟ್ಟಿತು. ಬಂಧಕ ವಸ್ತು ಯಾವುದೂ ಬೇಡವೆಂದು ಸಾರಿದ ಮೆಕ್ಯಾಡಮನ ಹೆಸರಿನ ಅರ್ಧಭಾಗ ಬಂಧಕ ವಸ್ತುವಿನ ಜೊತೆಗೇ ಸೇರಿ ಸಮಾಸವಾದುದು ಭಾಷೆಯ ವಿನೋದವೇ ಸರಿ. ಈಗ ವಿಮಾನ ನಿಲ್ದಾಣಗಳ ಮೈದಾನಕ್ಕೂ ಈ ಪದ ಬಳಕೆಯಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಇರುವುದು ಕಾಂಕ್ರೀಟು ಅಥವಾ ಅಸ್ಫಾಲ್ಟು.

'ಟಾರ್' ಎಂಬ ಪದ ಇಂಗ್ಲಿಷಿನಲ್ಲಿ ಬಹಳ ಹಳೆಯದು. ಮರ ಎಂಬರ್ಥದ 'ಟ್ರೀ' ಪದಕ್ಕೆ ಅದು ಸಂಬಂಧಿ. ಮೊದಲು ಟಾರು ತೆಗೆಯುತ್ತಿದ್ದುದು ಮರದಿಂದ. ಕಲ್ಲಿದ್ದಲಿನ ಟಾರು ಆಮೇಲಿನದು. ನಮ್ಮ 'ಡಾಂಬರು' ಕೂಡ ಮರದ ಅಂಟಿಗೆ ಹೆಸರಾದ ಮಲಯ ಮೂಲದ 'ದಾಮರ್' ಎಂಬುದರಿಂದ ಹಿಂದೂಸ್ಥಾನಿಯ ಮೂಲಕ ಬಂದಿದೆ. ಒಂದರ ನೆರವಿಲ್ಲದೆ ಇನ್ನೊಂದು, ಎರಡು ಭಾಷೆಗಳೂ ಮರದ ಹೆಸರನ್ನು ರಸ್ತೆಯ ಮೇಲೆ ಬಳಿದುವು.

೧೯೦೯ರಲ್ಲಿ ರಸ್ತೆಗಳ ಸುಧಾರಣೆಗಾಗಿ ಮೋಟಾರುಗಳಿಂದ ತೆರಿಗೆ ಎತ್ತಿ ಕೇಂದ್ರದ ನಿಧಿಯಿಂದ ಖರ್ಚು ಮಾಡುವ ಏರ್ಪಾಡಾಯಿತು. ಬಳಸುವವನೇ ತೆರಬೇಕೆಂಬ ಟರ್ನ್‌ಪೈಕಿನ ಸಿದ್ಧಾಂತ ಗೇಟಿಲ್ಲದೆ ಮರಳಿತು. ೧೯೫೮ರ ಡಿಸೆಂಬರಿನಲ್ಲಿ ಪ್ರೆಸ್ಟನ್ ಬಳಿ ಬ್ರಿಟನ್ನಿನ ಮೊದಲ 'ಮೋಟಾರ್‌ವೇ' ತೆರೆಯಿತು. ಅದರ ಮೇಲೆ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಪ್ರವೇಶವಿಲ್ಲ. 'ವೇ' ಎಂಬ ಪದದ ಹಿಂದೆ 'ಹೈ' ಹೋಗಿ 'ಮೋಟಾರ್' ಬಂದಾಗ, ಎಲ್ಲರ ಹಕ್ಕಾಗಿದ್ದುದು ಕೆಲವರ ಅನುಕೂಲವಾಯಿತು.

೭

ಇದುವರೆಗೆ ನೋಡಿದ ಪದಗಳಲ್ಲಿ ಎಂಜಿನಿಯರನ ಹೆಸರಿದೆ, ಆಳುವವರ ಕಾನೂನಿದೆ. ಕೆಲಸ ಮಾಡಿದವರು ಎಲ್ಲಿದ್ದಾರೆ? ಅವರಿಗೆ ದೊರೆತ ಪದಗಳು ತೀರ ಕಡಿಮೆ. 'ನ್ಯಾವಿ' ಎಂಬುದು ಒಂದು. 'ನ್ಯಾವಿಗೇಟರ್' ಎಂಬುದರ ಮೊಟಕು ರೂಪ ಇದು. ನಾಲೆಗಳನ್ನು ಆಗ 'ನ್ಯಾವಿಗೇಶನ್' ಎನ್ನುತ್ತಿದ್ದುದರಿಂದ, ಅವನ್ನು ತೋಡಿದ ಮಣ್ಣಿನ ಕೂಲಿಗೆ ನಾವಿಕನ ಹೆಸರು ಬಂತು. ರೈಲು, ರಸ್ತೆಗಳ ಕೆಲಸಕ್ಕೂ ಅವನು ಅದೇ ಹೆಸರಿನಿಂದ ಹೋದನು. ರಸ್ತೆಯ ಒಂದು ನಿರ್ದಿಷ್ಟ ಉದ್ದವನ್ನು ವರ್ಷವಿಡೀ ನೋಡಿಕೊಳ್ಳುತ್ತ, ಚರಂಡಿ ಬಿಡಿಸುತ್ತ, ಗುಂಡಿ ಮುಚ್ಚುತ್ತ ಇದ್ದವನು 'ಲೆಂಗ್ತ್‌ಮನ್'. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೆಲಸ ವಿರಳವಾಗುತ್ತ ಬಂದು, ಪದವೂ ಅದರೊಂದಿಗೆ ಹಿಂದೆ ಸರಿಯಿತು. ಗುಂಡಿಗೆ ಹೆಸರಾದ 'ಪಾಟ್‌ಹೋಲ್' ಮಾತ್ರ ಭೂವಿಜ್ಞಾನದಿಂದ ರಸ್ತೆಗೆ ಇಳಿದು ದಿನದಿನಕ್ಕೆ ಬಲಿಯಿತು. ಗುಂಡಿಯ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಮುಚ್ಚುತ್ತಿದ್ದವನ ಹೆಸರು ಮರೆತಿದೆ.

ಕಲ್ಲು ಒಡೆಯುವವರದು ಇನ್ನೂ ದಾರುಣವಾದ ಕಥೆ. ಆರು ಔನ್ಸಿನ ಕಲ್ಲು ಆಕಾಶದಿಂದ ಬೀಳುವುದಿಲ್ಲ. ಕುಳಿತು ಸಣ್ಣ ಸುತ್ತಿಗೆಯಿಂದ ಒಡೆದರೆ ಹೆಂಗಸರೂ ಹುಡುಗರೂ ಮುದುಕರೂ ಈ ಕೆಲಸ ಮಾಡಬಹುದೆಂದು ಮೆಕ್ಯಾಡಮನೇ ತೋರಿಸಿಕೊಟ್ಟಿದ್ದನು. ಬಡವರಿಗೆ ಉದ್ಯೋಗ ದೊರೆತದ್ದು ನಿಜ. ಆದರೆ ಹತ್ತೊಂಬತ್ತನೆಯ ಶತಮಾನದ ಅನಾಥಾಲಯಗಳಂತಿದ್ದ 'ವರ್ಕ್‌ಹೌಸ್'ಗಳಲ್ಲಿ ಇದೇ ಕೆಲಸ ನಿರ್ಗತಿಕರಿಗೆ ವಿಧಿಸುವ ದಂಡದಂತಾಯಿತು. ಹೆನ್ರಿ ವಾಲಿಸ್ ಎಂಬ ಚಿತ್ರಕಾರನು ೧೮೫೭ರಲ್ಲಿ ಬರೆದ 'ಕಲ್ಲೊಡೆಯುವವನು' ಎಂಬ ಚಿತ್ರದಲ್ಲಿ, ಸಂಜೆಯ ಮಬ್ಬಿನಲ್ಲಿ ಕೂಲಿಯೊಬ್ಬನು ಕಲ್ಲಿನ ರಾಶಿಯ ಬಳಿ ಒರಗಿದ್ದಾನೆ. ನಿದ್ರಿಸುತ್ತಿದ್ದಾನೆಂದು ಮೊದಲು ತೋರುತ್ತದೆ. ಸತ್ತಿದ್ದಾನೆಂದು ಆಮೇಲೆ ತಿಳಿಯುತ್ತದೆ. ಮೆಕ್ಯಾಡಂ ಎಂಬ ಪದವನ್ನು ಪಾಠ ಹೇಳುವಾಗ ಈ ಚಿತ್ರವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

೮

ಈ ಪದಾವಳಿ ನಮ್ಮ ನಾಡಿಗೆ ಬಂದ ಬಗೆಯನ್ನು ಹೇಳಿ ಲೇಖನವನ್ನು ಮುಗಿಸಬಹುದು. ಡಾಲ್‌ಹೌಸಿಯ ಕಾಲದಲ್ಲಿ, ೧೮೫೪ರಲ್ಲಿ, ಭಾರತದಲ್ಲಿ 'ಪಬ್ಲಿಕ್ ವರ್ಕ್ಸ್' ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡಿತು. ಮೈಸೂರು ಸೀಮೆಯಲ್ಲಿ ಮಾರ್ಕ್ ಕಬ್ಬನನು ಕಮಿಷನರನಾಗಿದ್ದ ೧೮೩೪ರಿಂದ ೧೮೬೧ರವರೆಗಿನ ಕಾಲ ರಸ್ತೆಗಳ, ಘಟ್ಟದ ದಾರಿಗಳ ನಿರ್ಮಾಣಕ್ಕೆ ಹೆಸರಾದದ್ದು. ಹೊಸ ಇಲಾಖೆಯೊಂದಿಗೆ ಮೆಟಲ್, ಕಲ್ವರ್ಟ್, ಕ್ಯಾಂಬರ್, ಮೆಕ್ಯಾಡಂ ಎಲ್ಲವೂ ಅಂದಾಜುಪಟ್ಟಿಗಳ ಒಳಗೆ ಬಂದು ಕುಳಿತವು. 'ಮೆಟ್ಲಿಂಗ್' ಎಂಬ ಪದ ಹಳ್ಳಿಯ ಗುತ್ತಿಗೆದಾರನ ಬಾಯಲ್ಲಿ ಕನ್ನಡವೇ ಆಗಿಹೋಯಿತು. ನೀರು ಹಾಯಿಸಿ, ಕಲ್ಲುಪುಡಿ ತುಂಬಿ, ರೋಲರು ಹೊಡೆದು ಮಾಡುವ 'ವಾಟರ್ ಬೌಂಡ್ ಮೆಕ್ಯಾಡಂ' ನಮ್ಮ ರಸ್ತೆಗಳಲ್ಲಿ ಬಹುಕಾಲ ನಡೆಯಿತು. ನೀರನ್ನೇ ಪರಮಶ್ರುವೆಂದು ಎಣಿಸಿದವನ ಹೆಸರು ಇಲ್ಲಿ ನೀರಿನ ಜೊತೆಗೆ ನಿಂತಿದೆ.

ಈ ಹೊಸ ಇಲಾಖೆಗೆ ಮುಂಚೆ ಮದರಾಸು ಪ್ರಾಂತದಲ್ಲಿ ಕೆರೆ, ಕಾಲುವೆ ಮುಂತಾದುವನ್ನು ನೋಡಿಕೊಳ್ಳುತ್ತಿದ್ದ ಶಾಖೆಗೆ 'ಮರಾಮತ್ತು' ಎಂಬ ಹೆಸರಿತ್ತು. ಅರಬ್ಬಿ ಮೂಲದ ಈ ಪದಕ್ಕೆ ದುರಸ್ತಿ ಎಂದೇ ಅರ್ಥ. ದಕ್ಷಿಣ ಕನ್ನಡ ಜಿಲ್ಲೆಯೂ ಅಂದು ಆ ಪ್ರಾಂತಕ್ಕೆ ಸೇರಿತ್ತು. ಮರಾಮತ್ತು ಹೋಗಿ 'ವರ್ಕ್ಸ್' ಬಂತು. ಅದನ್ನು ನಾವು 'ಲೋಕೋಪಯೋಗಿ' ಎಂದು ಕರೆದೆವು. ಮೊದಲ ಹೆಸರು ಮಾಡಬೇಕಾದ ಕೆಲಸವನ್ನು ಹೇಳುತ್ತಿತ್ತು; ಎರಡನೆಯದು ಕಟ್ಟಡಗಳನ್ನು ನೆನಪಿಗೆ ತರುತ್ತದೆ; ಮೂರನೆಯದು ಫಲವನ್ನು ಸಾರುತ್ತದೆ. ಇಂಗ್ಲೆಂಡಿನಲ್ಲಿ 'ಮೆಂಡ್' ಹಿಂದೆ ಸರಿದು 'ಕನ್‌ಸ್ಟ್ರಕ್ಟ್' ಮುಂದೆ ಬಂದ ಚರಿತ್ರೆಯೇ ಇಲ್ಲಿ ಬೇರೆ ಮಾತುಗಳಲ್ಲಿ ನಡೆದಿದೆ. ಹೆಸರು ಬದಲಾದ ಮಾತ್ರಕ್ಕೆ ದುರಸ್ತಿ ನಿಂತುಹೋಯಿತೆಂದು ನಾವು ಹೇಳುವುದಿಲ್ಲ. ಆದರೆ ಹೊಸ ರಸ್ತೆಗೆ ಉದ್ಘಾಟನೆಯ ಕಲ್ಲುಂಟು, ಹಳೆಯ ರಸ್ತೆಯ ಚರಂಡಿ ಬಿಡಿಸಿದ್ದಕ್ಕೆ ಇಲ್ಲ. ಯಾವುದನ್ನು ಗೌರವದಿಂದ ಹೆಸರಿಸುವುದಿಲ್ಲವೋ ಅದಕ್ಕೆ ಹಣವನ್ನೂ ಗಮನವನ್ನೂ ಕೊಡುವುದು ಕಷ್ಟವಾಗುತ್ತದೆ.

ಈ ಸಮೀಕ್ಷೆಯಿಂದ ಎರಡು ಪ್ರಯೋಜನಗಳನ್ನು ನಾವು ಅಪೇಕ್ಷಿಸುತ್ತೇವೆ. ಅನುವಾದಕರು ಹೈವೇ, ಮೆಟಲ್, ಪೇವ್‌ಮೆಂಟ್, ಸರ್ವೇಯರ್ ಮೊದಲಾದ ಪದಗಳನ್ನು ಕನ್ನಡಿಸುವಾಗ ಅವು ಯಾವ ಕಾಲದ ಬರಹದಲ್ಲಿವೆ ಎಂಬುದನ್ನು ಮೊದಲು ನೋಡಬೇಕೆಂಬುದು ಒಂದು. ೧೫೫೫ರ ಸರ್ವೇಯರನೂ ೧೮೧೬ರ ಸರ್ವೇಯರನೂ ಒಬ್ಬನೇ ಅಲ್ಲ. ಎರಡನೆಯದು ನಮ್ಮ ನಾಡಿನ ಕೆಲಸಕ್ಕೆ ಸಂಬಂಧಿಸಿದೆ. ಕಲ್ಲು ಒಡೆಯುವವರು, ಮಣ್ಣು ಅಗೆಯುವವರು, ಡಾಂಬರು ಕಾಯಿಸುವವರು, ಗ್ಯಾಂಗ್ ಕೂಲಿಗಳು, ಇವರ ಬಾಯಲ್ಲಿ ಉಪಕರಣಗಳಿಗೂ ಕಲ್ಲಿನ ಗಾತ್ರಗಳಿಗೂ ರಸ್ತೆಯ ರೋಗಗಳಿಗೂ ಇರುವ ಕನ್ನಡದ ಮಾತುಗಳನ್ನು ಜಿಲ್ಲೆಜಿಲ್ಲೆಗೆ ಹೋಗಿ ಕಲೆಹಾಕಬೇಕಾಗಿದೆ. ಯಂತ್ರಗಳು ಬಂದಂತೆ ಆ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ. ಮಾತುಗಳೂ ಅವರೊಂದಿಗೆ ಹೋಗುತ್ತವೆ. ಲೆಂಗ್ತ್‌ಮನ್ನಿಗೆ ಇಂಗ್ಲಿಷ್ ನಿಘಂಟಿನಲ್ಲಾದರೂ ಒಂದು ಸಾಲು ದೊರೆತಿದೆ. ನಮ್ಮ ದಾರಿಗಳನ್ನು ಸರಿಪಡಿಸಿದವರಿಗೆ ಅಷ್ಟನ್ನಾದರೂ ಒದಗಿಸುವ ಕೆಲಸವನ್ನು ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಂಡರೆ ಈ ಲೇಖನದ ಶ್ರಮ ಸಾರ್ಥಕವಾಗುತ್ತದೆ.